ಕಾನ್ಹೇರಿ ಬೆಟ್ಟ: ನೀರು, ನಿಧಿ, ನೃಪತುಂಗ

ಮುಂಬಯಿಯ ಕನ್ನಡಿಗರ ಮನೆಗೆ ಊರಿನಿಂದ ನೆಂಟರು ಬಂದರೆ ಅವರನ್ನು ಕರೆದೊಯ್ಯುವ ಜಾಗಗಳು ಹೆಚ್ಚುಕಡಿಮೆ ಗೊತ್ತಾದವೇ. ಗೇಟ್‌ವೇ ಆಫ್ ಇಂಡಿಯಾ, ಎಲಿಫೆಂಟಾ, ಮಹಾಲಕ್ಷ್ಮಿ, ಜೂಹು. ಇನ್ನೂ ಒಂದು ದಿನ ಬಿಡುವಿದ್ದರೆ ಬೊರಿವಲಿಯ ರಾಷ್ಟ್ರೀಯ ಉದ್ಯಾನ. ಅಲ್ಲಿಗೆ ಹೋದವರು ಕಾನ್ಹೇರಿ ಗುಹೆಗಳನ್ನೂ ನೋಡುವುದುಂಟು. ಆದರೆ ಅವರಲ್ಲಿ ಬಹುಮಂದಿ ಮೂರನೆಯ ಗುಹೆಯ ದೊಡ್ಡ ಬುದ್ಧನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಕಟ್ಟಿಕೊಂಡು ಹೋದ ಬುತ್ತಿ ಮುಗಿಸಿ ಅಲ್ಲಿಂದಲೇ ಹಿಂತಿರುಗುತ್ತಾರೆ. ಬೆಟ್ಟದ ನೆತ್ತಿಯವರೆಗೆ ಹತ್ತುವವರು ವಿರಳ.

ಇದು ಸ್ವಲ್ಪ ನಷ್ಟದ ಮಾತೇ ಸರಿ. ಏಕೆಂದರೆ ಈ ಕಾಡುಬೆಟ್ಟದಲ್ಲಿ ಜನ ಸುಮಾರು ಒಂದು ಸಾವಿರ ವರ್ಷ ಎಡೆಬಿಡದೆ ವಾಸಮಾಡಿದ್ದರು. ಹೊಲಗದ್ದೆಯಿಲ್ಲದ, ವರ್ಷದಲ್ಲಿ ಎಂಟು ತಿಂಗಳು ಮಳೆಯಿಲ್ಲದ ಬೋಳು ಬಂಡೆಯ ಮೇಲೆ ಇಷ್ಟು ದೀರ್ಘಕಾಲ ಒಂದು ಮಹಾವಿಹಾರ ಹೇಗೆ ನಡೆಯಿತು? ಈ ಪ್ರಶ್ನೆಗೆ ಉತ್ತರ ಕೆಳಗಿನ ದೊಡ್ಡ ಗುಹೆಗಳಲ್ಲಿ ಪೂರ್ತಿ ಸಿಗುವುದಿಲ್ಲ. ಅದು ಮೇಲಕ್ಕೆ ಹತ್ತುವ ದಾರಿಯ ಉದ್ದಕ್ಕೂ ಚೂರುಚೂರಾಗಿ ಸಿಗುತ್ತದೆ. ಆ ಉತ್ತರದಲ್ಲಿ ನಮ್ಮ ನೃಪತುಂಗನಿಗೂ ಒಂದು ಸ್ಥಾನವಿದೆ.

ಕಾಡಿನ ದಾರಿ

ಬೊರಿವಲಿ ಪೂರ್ವದಲ್ಲಿ ಹೆದ್ದಾರಿಗೆ ಹೊಂದಿಕೊಂಡೇ ಉದ್ಯಾನದ ಮಹಾದ್ವಾರವಿದೆ. ಇಂದು ಇದಕ್ಕೆ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನವೆಂದು ಹೆಸರು. ಹಿಂದೆ ಬೊರಿವಲಿ ರಾಷ್ಟ್ರೀಯ ಉದ್ಯಾನ, ಅದಕ್ಕೂ ಮೊದಲು ಕೃಷ್ಣಗಿರಿ ಉಪವನ ಎನ್ನುತ್ತಿದ್ದರು. ಬೊರಿವಲಿಯಿಂದ ಥಾಣೆಯವರೆಗೆ ಹಬ್ಬಿರುವ ಇದರ ವಿಸ್ತೀರ್ಣ ಸುಮಾರು 104 ಚದರ ಕಿಲೋಮೀಟರು. ಕೋಟಿಗಟ್ಟಲೆ ಜನ ಕಿಕ್ಕಿರಿದ ನಗರವೊಂದರ ಮಧ್ಯದಲ್ಲಿ ಚಿರತೆಗಳು ಸ್ವಚ್ಛಂದವಾಗಿ ತಿರುಗಾಡುವ ಇಂಥ ಕಾಡು ಜಗತ್ತಿನಲ್ಲೇ ಅಪರೂಪ.

ದ್ವಾರದಿಂದ ಗುಹೆಗಳ ಬುಡದವರೆಗೆ ಆರೇಳು ಕಿಲೋಮೀಟರಿನ ಡಾಂಬರು ರಸ್ತೆಯಿದೆ. ವಾಹನದ ಸೌಕರ್ಯವುಂಟು. ಕಾಲಲ್ಲಿ ಕಸುವಿದ್ದವರಿಗೆ ನಡಿಗೆಯೇ ಲೇಸು. ತೇಗ, ಮುತ್ತುಗ, ಬಿದಿರಿನ ಮೆಳೆಗಳ ನಡುವೆ ರಸ್ತೆ ಬಳಸಿ ಬಳಸಿ ಏರುತ್ತದೆ. ಎಂಟು ವರ್ಷಗಳಿಗೊಮ್ಮೆ ಒಟ್ಟಿಗೇ ಹೂಬಿಟ್ಟು, ಬೀಜ ಉದುರಿಸಿ ಸಾಯುವ ಕಾರ್ವಿ ಗಿಡಗಳು ಇಳಿಜಾರಿನ ಮಣ್ಣನ್ನು ಹಿಡಿದುಕೊಂಡು ನಿಂತಿರುತ್ತವೆ. ನಡುವೆ ದಹಿಸರ್ ನದಿ ಎದುರಾಗುತ್ತದೆ. ಕೆಳಗೆ ನಗರದಲ್ಲಿ ಇದನ್ನು ಗಟಾರವೆಂದೇ ತಿಳಿದವರಿಗೆ, ಇಲ್ಲಿ ಕಲ್ಲುಗಳ ಮೇಲೆ ತಿಳಿಯಾಗಿ ಹರಿಯುವುದು ಅದೇ ನದಿಯೆಂದರೆ ನಂಬಿಕೆ ಬರುವುದಿಲ್ಲ. ಅದು ಹುಟ್ಟುವುದು ಇದೇ ಕಾಡಿನ ತುಳಸಿ ಸರೋವರದ ಬಳಿ.

ಕೃಷ್ಣಗಿರಿ ಎಂಬ ಸಂಸ್ಕೃತದ ಹೆಸರು ಪ್ರಾಕೃತದಲ್ಲಿ ಕಣ್ಹಗಿರಿಯಾಗಿ, ಜನರ ಬಾಯಲ್ಲಿ ಸವೆದು ಕಾನ್ಹೇರಿಯಾಯಿತು. ಕಪ್ಪುಬೆಟ್ಟ ಎಂದು ಅರ್ಥ. ದಖನ್ನಿನ ಪ್ರಾಚೀನ ಜ್ವಾಲಾಮುಖಿಗಳಿಂದ ಹೊರಟ ಲಾವಾ ಹೆಪ್ಪುಗಟ್ಟಿ ಆದ ಕಲ್ಲು ಇದು. ಮಳೆಗಾಲದಲ್ಲಿ ಒದ್ದೆಯಾಗಿ ನಿಂತ ಬೆಟ್ಟವನ್ನು ಕಂಡವರಿಗೆ ಹೆಸರಿನ ಔಚಿತ್ಯ ಬೇರೆ ವಿವರಿಸಬೇಕಾಗಿಲ್ಲ.

ಮೆಟ್ಟಿಲು ಮೆಟ್ಟಿಲಾಗಿ ಇತಿಹಾಸ

ಬೆಟ್ಟದ ತುಂಬ ನೂರಕ್ಕೂ ಹೆಚ್ಚು ಗುಹೆಗಳಿವೆ. ಕ್ರಿಸ್ತಶಕದ ಆರಂಭದ ಆಸುಪಾಸಿನಲ್ಲಿ ಕೊರೆಯಲು ತೊಡಗಿ ಸುಮಾರು ಹತ್ತನೆಯ ಶತಮಾನದವರೆಗೂ ಕೆಲಸ ನಡೆದಿತ್ತು. ಅವುಗಳಲ್ಲಿ ಅತ್ಯಂತ ದೊಡ್ಡದು ಮೂರನೆಯ ಗುಹೆ. ಇದು ಚೈತ್ಯ, ಅಂದರೆ ಪ್ರಾರ್ಥನಾಮಂದಿರ. ಎರಡನೆಯ ಶತಮಾನದ ಕೊನೆಯ ಭಾಗದಲ್ಲಿ ಸಾತವಾಹನ ದೊರೆ ಯಜ್ಞಶ್ರೀ ಸಾತಕರ್ಣಿಯ ಕಾಲದಲ್ಲಿ ಗಜಸೇನ, ಗಜಮಿತ್ರ ಎಂಬ ವರ್ತಕ ಸೋದರರು ಇದನ್ನು ಕೊರೆಯಿಸಿದರು. ಸುಮಾರು 26 ಮೀಟರು ಉದ್ದ, 13 ಮೀಟರು ಅಗಲದ ಈ ಸಭಾಂಗಣದ ಕೊನೆಯಲ್ಲಿ ಸ್ತೂಪವಿದ್ದು ಸುತ್ತಲೂ 34 ಕಂಬಗಳಿವೆ. ಮೊಗಸಾಲೆಯ ಎರಡು ಬದಿಯ ಗೋಡೆಗಳಲ್ಲಿ ನಿಂತಿರುವ, ಸುಮಾರು ಏಳು ಮೀಟರು ಎತ್ತರದ ಬುದ್ಧವಿಗ್ರಹಗಳು ಇನ್ನೂರು ಮುನ್ನೂರು ವರ್ಷ ಅನಂತರದವು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಈ ಪ್ರದೇಶವನ್ನು ಹಿಡಿದಾಗ ಇದೇ ಚೈತ್ಯವನ್ನು ಇಗರ್ಜಿಯನ್ನಾಗಿ ಬಳಸಿದ್ದೂ ಉಂಟು.

ವ್ಯಾಪಾರಿಗಳು ಕಾಡಿನ ನಡುವೆ ಬಂದು ಹಣ ಸುರಿದುದೇಕೆ? ಭೂಪಟವನ್ನು ಮುಂದಿಟ್ಟುಕೊಂಡರೆ ಕಾರಣ ಹೊಳೆಯುತ್ತದೆ. ಉತ್ತರಕ್ಕೆ ಸೋಪಾರ, ಪೂರ್ವಕ್ಕೆ ಕಲ್ಯಾಣ, ದಕ್ಷಿಣಕ್ಕೆ ಚೌಲ್, ಹೀಗೆ ಪ್ರಾಚೀನ ಪಶ್ಚಿಮ ಕರಾವಳಿಯ ಮೂರು ಹೆಸರಾಂತ ಬಂದರುಗಳ ನಡುವೆ ಈ ಬೆಟ್ಟವಿದೆ. (ಇಲ್ಲಿ ಕಲ್ಯಾಣವೆಂದರೆ ನಮ್ಮ ಬಸವಕಲ್ಯಾಣವಲ್ಲ, ಸೆಂಟ್ರಲ್ ರೈಲ್ವೆಯ ಕಲ್ಯಾಣ.) ಘಟ್ಟದ ಮೇಲಿನ ಸರಕು ಇಳಿದು ಈ ಬಂದರುಗಳಿಂದಲೇ ಹಡಗು ಹತ್ತುತ್ತಿತ್ತು. ಘಟ್ಟದ ಮೇಲಿನವರೂ ಇಂಥ ವಿಹಾರಗಳಿಗೆ ಕೊಡುತ್ತಿದ್ದರು. ಕಾರ್ಲೆಯ ಪ್ರಸಿದ್ಧ ಚೈತ್ಯವನ್ನು ಮಾಡಿಸಿದವನು ವೈಜಯಂತಿಯ, ಅಂದರೆ ಇಂದಿನ ಬನವಾಸಿಯ, ಭೂತಪಾಲನೆಂಬ ಶ್ರೇಷ್ಠಿ.

ಮೂರನೆಯ ಗುಹೆಯನ್ನು ಬಿಟ್ಟು ಮೇಲಕ್ಕೆ ಹೊರಟರೆ ಬಂಡೆಯಲ್ಲೇ ಕಡೆದ ಮೆಟ್ಟಿಲುಗಳು ಸಿಗುತ್ತವೆ. ಎರಡು ಸಾವಿರ ವರ್ಷಗಳ ಹಿಂದಿನ ಹೆಜ್ಜೆಗಳಿಂದ ನಡುಭಾಗ ಸವೆದು ತಗ್ಗಾಗಿದೆ. ಹತ್ತುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಇಲ್ಲಿಯ ಶಾಸನಗಳಲ್ಲಿ ಒಂದು, ಕಲ್ಯಾಣದ ನಂದನೆಂಬ ಕಮ್ಮಾರನು ದಾರಿಯನ್ನು ಮಾಡಿಸಿಕೊಟ್ಟನೆಂದು ಹೇಳುತ್ತದೆ. ಚೈತ್ಯ ಕಟ್ಟಿಸುವಷ್ಟು ಹಣ ಕಮ್ಮಾರನಲ್ಲಿ ಇದ್ದಿರಲಾರದು. ಅವನು ನಾಲ್ಕು ಜನ ನಡೆಯುವುದಕ್ಕೆ ಅನುಕೂಲ ಮಾಡಿದ. ಸಂಘ ಅವನ ಹೆಸರನ್ನೂ ಕಲ್ಲಿನ ಮೇಲೆ ಬರೆಯಿಸಿತು.

ನೀರಿನ ವ್ಯವಸ್ಥೆ

ಸುಮಾರು ಅರ್ಧ ಬೆಟ್ಟ ಏರುವ ಹೊತ್ತಿಗೆ ಇನ್ನೊಂದು ವಿಷಯ ಗಮನಕ್ಕೆ ಬರುತ್ತದೆ. ಹೆಚ್ಚುಕಡಿಮೆ ಪ್ರತಿಯೊಂದು ಗುಹೆಯ ಪಕ್ಕದಲ್ಲೂ ಬಂಡೆಯಲ್ಲಿ ಒಂದು ಚೌಕಾಕಾರದ ಬಾಯಿ. ಬಗ್ಗಿ ನೋಡಿದರೆ ಕೆಳಗೆ ನೀರು. ನಾವು ನಾಲ್ಕೈದು ಮಂದಿ ಗೆಳೆಯರು ಒಮ್ಮೆ ಹೋದದ್ದು ಫೆಬ್ರವರಿಯ ಕೊನೆಯಲ್ಲಿ. ಮಳೆ ನಿಂತು ಐದು ತಿಂಗಳಾಗಿತ್ತು. ಆಗಲೂ ಹಲವು ತೊಟ್ಟಿಗಳಲ್ಲಿ ನೀರು ಕಪ್ಪಗೆ, ತಣ್ಣಗೆ ನಿಂತಿತ್ತು.

ಇದರ ಹಿಂದಿನ ತಂತ್ರ ಬಹಳ ಸರಳವಾದದ್ದು. ಮುಂಬಯಿಯಲ್ಲಿ ವರ್ಷಕ್ಕೆ ಎರಡು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅದರ ಬಹುಪಾಲು ಬೀಳುವುದು ಜೂನಿನಿಂದ ಸೆಪ್ಟೆಂಬರಿನ ನಾಲ್ಕು ತಿಂಗಳಲ್ಲಿ. ಆ ನೀರು ಬೋಳು ಬಂಡೆಯ ಮೇಲಿಂದ ಜಾರಿ ಹೋಗದಂತೆ ಗುಹೆಗಳ ನೆತ್ತಿಯ ಮೇಲೆ ಸಣ್ಣ ಸಣ್ಣ ಕಾಲುವೆಗಳನ್ನು ಕೊರೆದರು. ಕಾಲುವೆಯ ನೀರು ತೊಟ್ಟಿಗೆ ಇಳಿಯುವಂತೆ ಮಾಡಿದರು. ತೊಟ್ಟಿಯ ಬಾಯಿ ಚಿಕ್ಕದು, ಒಳಗೆ ಹೊಟ್ಟೆ ದೊಡ್ಡದು. ಇದರಿಂದ ಬಿಸಿಲು ಒಳಗೆ ಇಳಿಯುವುದಿಲ್ಲ, ನೀರು ಆವಿಯಾಗುವುದು ಕಡಿಮೆ, ಬೆಳಕಿಲ್ಲದೆ ಪಾಚಿಯೂ ಅಷ್ಟಾಗಿ ಬೆಳೆಯುವುದಿಲ್ಲ. ಒಂದೇ ದೊಡ್ಡ ಕೆರೆ ಕಟ್ಟುವ ಬದಲು ಮನೆಗೊಂದು ತೊಟ್ಟಿ ಮಾಡಿದ್ದರಿಂದ ಒಂದು ಕೆಟ್ಟರೂ ಉಳಿದವು ನಡೆಯುತ್ತಿದ್ದವು.

ಶಾಸನಗಳಲ್ಲಿ ಇಂಥ ತೊಟ್ಟಿಯನ್ನು ಪೋಢಿ ಎನ್ನುತ್ತಾರೆ. ಪೋಢಿಯ ದಾನ ಬಹಳ ಪುಣ್ಯದ ಕೆಲಸವೆಂದು ಎಣಿಕೆಯಾಗಿತ್ತು. ಕಲ್ಯಾಣದ ಸ್ವಾಮಿದತ್ತನೆಂಬ ಅಕ್ಕಸಾಲಿಗ ಒಂದು ಪೋಢಿ ಮಾಡಿಸಿದ್ದಾನೆ. ಇನ್ನೊಂದು ಪೋಢಿಯ ಮೇಲಿನ ಶಾಸನ ಇತಿಹಾಸಕಾರರಿಗೆ ಚಿನ್ನದ ಗಣಿಯಾಗಿದೆ. ಅದರಲ್ಲಿ ವಾಸಿಷ್ಠೀಪುತ್ರ ಸಾತಕರ್ಣಿಯ ರಾಣಿಯ ಉಲ್ಲೇಖವಿದೆ. ಆಕೆ ಒಬ್ಬ ಮಹಾಕ್ಷತ್ರಪನ ಮಗಳು. ಆತ ಗಿರ್‌ನಾರ್ ಶಾಸನದ ರುದ್ರದಾಮನೆಂದು ವಿದ್ವಾಂಸರ ಮತ. ಬದ್ಧ ವೈರಿಗಳಾಗಿದ್ದ ಸಾತವಾಹನರಿಗೂ ಕ್ಷತ್ರಪರಿಗೂ ಬೀಗತನವಾಗಿತ್ತು ಎಂಬ ಮಹತ್ವದ ಸಂಗತಿ ನಮಗೆ ತಿಳಿದದ್ದು ಶತೇರಕನೆಂಬ ಅಮಾತ್ಯನು ಮಾಡಿಸಿಕೊಟ್ಟ ಒಂದು ನೀರಿನ ತೊಟ್ಟಿಯಿಂದ!

ಕಲ್ಲಿನ ಮೇಲೆ ಜಮಾ-ಖರ್ಚು

ತೊಟ್ಟಿ ಕೊರೆಯುವುದು ಒಂದು ಸಲದ ಖರ್ಚು. ಅದರ ಹೂಳು ತೆಗೆಯಬೇಕು, ಸೋರಿದರೆ ಮುಚ್ಚಬೇಕು, ಭಿಕ್ಷುಗಳಿಗೆ ಊಟ ಬಟ್ಟೆ ಒದಗಿಸಬೇಕು. ಇದು ವರ್ಷ ವರ್ಷವೂ ಬರುವ ಖರ್ಚು. ಸರಕಾರಿ ಕಚೇರಿಯ ಕಡತಗಳ ನಡುವೆ ದಿನ ಕಳೆಯುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಹೊಸದು ಕಟ್ಟಲು ಮಂಜೂರಾತಿ ಸುಲಭವಾಗಿ ಸಿಗುತ್ತದೆ, ಕಟ್ಟಿದ್ದನ್ನು ಕಾಪಾಡಲು ಸಿಗುವುದಿಲ್ಲ. ಕಾನ್ಹೇರಿಯ ದಾನಿಗಳು ಈ ಕಷ್ಟವನ್ನು ಮೊದಲೇ ಕಂಡುಕೊಂಡಿದ್ದರು. ಅವರ ಪರಿಹಾರದ ಹೆಸರು ಅಕ್ಷಯನೀವಿ. ಮೂಲಧನವನ್ನು ಎಂದೂ ಮುಟ್ಟದೆ ಅದರ ಬಡ್ಡಿಯಿಂದ ಅಥವಾ ಹೊಲದ ಉತ್ಪನ್ನದಿಂದ ಖರ್ಚು ನಡೆಸುವ ಶಾಶ್ವತ ನಿಧಿ ಅದು. ಮಳೆಗಾಲದಲ್ಲಿ ಗುಹೆಯಲ್ಲಿ ವಾಸವಿರುವ ಭಿಕ್ಷುವಿಗೆ ಈ ನಿಧಿಯಿಂದ ಚೀವರ ಕೊಡಬೇಕೆಂದು ಶಾಸನಗಳು ವಿಧಿಸುತ್ತವೆ.

ಇಂಥ ಒಂದು ದಾನದಲ್ಲಿ ಮಂಗಲಸ್ಥಾನವೆಂಬ ಹಳ್ಳಿಯ ಹೊಲದ ಪ್ರಸ್ತಾಪವಿದೆ. ಅದೇ ಇಂದಿನ ಮಾಗಾಠಾಣೆ. ಬಸ್ ಡಿಪೋ, ಮೆಟ್ರೋ ನಿಲ್ದಾಣಗಳ ಆ ಮಾಗಾಠಾಣೆಯ ಮಣ್ಣು ಒಂದು ಕಾಲದಲ್ಲಿ ಈ ಬೆಟ್ಟದ ಭಿಕ್ಷುಗಳ ಬಟ್ಟೆಯ ಖರ್ಚನ್ನು ನೋಡಿಕೊಳ್ಳುತ್ತಿತ್ತು.

ಈಗ ನೃಪತುಂಗನ ವಿಷಯ. ಹನ್ನೊಂದನೆಯ ಗುಹೆಗೆ ದರ್ಬಾರ್ ಗುಹೆಯೆಂದು ಹೆಸರು. ವಿಶಾಲವಾದ ಹಜಾರ, ಅದರ ಉದ್ದಕ್ಕೂ ಎರಡು ತಗ್ಗಾದ ಕಲ್ಲುಜಗಲಿಗಳು. ಇಲ್ಲಿ ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷನ ಆಳ್ವಿಕೆಯ ಶಾಸನವೊಂದಿದೆ. ಅದರ ಕಾಲ ಶಕವರ್ಷ 775, ಅಂದರೆ ಕ್ರಿ.ಶ. 853. ವಿಹಾರದ ದುರಸ್ತಿಗೂ ಪುಸ್ತಕಗಳನ್ನು ಕೊಳ್ಳುವುದಕ್ಕೂ ಕೊಟ್ಟ ಹಣದ ವಿವರ ಅದರಲ್ಲಿದೆ. ಅಮೋಘವರ್ಷನ ಹೆಸರು ಹೇಳುವ ಶಾಸನಗಳು ಈ ಬೆಟ್ಟದಲ್ಲಿ ಒಟ್ಟು ಮೂರು, ಉಳಿದೆರಡು ಕ್ರಿ.ಶ. 843 ಮತ್ತು 877ರವು. ಆಗ ಕೊಂಕಣವನ್ನು ನೋಡಿಕೊಳ್ಳುತ್ತಿದ್ದವರು ಅವನ ಸಾಮಂತರಾದ ಶಿಲಾಹಾರ ಮನೆತನದ ಪುಲ್ಲಶಕ್ತಿ, ಅನಂತರ ಅವನ ಮಗ ಕಪರ್ದಿ.

ಅಮೋಘವರ್ಷ ನೃಪತುಂಗನು ಸುಮಾರು ಕ್ರಿ.ಶ. 814ರಿಂದ 878ರವರೆಗೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದವನು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಅತ್ಯಂತ ಹಳೆಯದಾದ ‘ಕವಿರಾಜಮಾರ್ಗ’ ಹುಟ್ಟಿದ್ದು ಅವನ ಆಸ್ಥಾನದಲ್ಲಿ. ಅತ್ತ ಮಳಖೇಡದಲ್ಲಿ ಕನ್ನಡದ ಕಾವ್ಯಲಕ್ಷಣ ಸಿದ್ಧವಾಗುತ್ತಿದ್ದ ಆಸುಪಾಸಿನಲ್ಲೇ ಇತ್ತ ಕಾನ್ಹೇರಿಯಲ್ಲಿ ಅವನ ಹೆಸರಿನ ಕೆಳಗೆ ಪುಸ್ತಕ ಕೊಳ್ಳುವ ಹಣಕ್ಕೆ ಲೆಕ್ಕ ಬರೆಯುತ್ತಿದ್ದರು. ಅರಬ್ ವರ್ತಕ ಸುಲೈಮಾನನದೆನ್ನುವ ಪ್ರವಾಸಕಥನ ರಚಿತವಾದದ್ದೂ ಆಗಲೇ, 851ರಲ್ಲಿ. ಅದರಲ್ಲಿ ರಾಷ್ಟ್ರಕೂಟ ದೊರೆಯನ್ನು ‘ಬಲ್ಹರಾ’ ಎಂದು ಕರೆದು ಜಗತ್ತಿನ ನಾಲ್ವರು ಮಹಾರಾಜರಲ್ಲಿ ಒಬ್ಬನೆಂದು ಎಣಿಸಲಾಗಿದೆ.

ಇದನ್ನು ಓದಿದೊಡನೆ ಈ ಬೆಟ್ಟ ನಮ್ಮದೆಂದು ಎದೆ ತಟ್ಟಿಕೊಳ್ಳುವ ಆಸೆ ನಮ್ಮಲ್ಲಿ ಕೆಲವರಿಗೆ ಆದೀತು. ಶಾಸನಗಳು ಅದಕ್ಕೆ ಎಡೆಗೊಡುವುದಿಲ್ಲ. ಅವುಗಳ ಭಾಷೆ ಸಂಸ್ಕೃತ. ದಾನ ಕೊಟ್ಟವನು ಚಕ್ರವರ್ತಿಯೂ ಅಲ್ಲ. ಕಪರ್ದಿಯ ಕಾಲದಲ್ಲಿ ಇಲ್ಲಿಯ ಭಿಕ್ಷುಗಳಿಗಾಗಿ 100 ದ್ರಮ್ಮಗಳ ಅಕ್ಷಯನೀವಿ ಇಟ್ಟ ಅವಿಘ್ನಾಕರನೆಂಬ ಉಪಾಸಕ ಬಂದದ್ದು ಗೌಡದೇಶದಿಂದ, ಅಂದರೆ ಬಂಗಾಳದ ಕಡೆಯಿಂದ. ಚಕ್ರವರ್ತಿ ಜೈನ ಗುರುಗಳಲ್ಲಿ ಭಕ್ತಿಯುಳ್ಳವನು, ಕನ್ನಡ ನಾಡಿನವನು, ಮಂಡಲೇಶ್ವರ ಶಿಲಾಹಾರ, ದಾನಿ ಬಂಗಾಳದವನು, ದಾನ ಸಂದದ್ದು ಬೌದ್ಧ ಸಂಘಕ್ಕೆ. ತೊಂಬತ್ತನೆಯ ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳೂ ಇವೆ. ಕ್ರಿ.ಶ. 1009 ಮತ್ತು 1021ರಲ್ಲಿ ಬೆಟ್ಟ ನೋಡಲು ಬಂದ ಪಾರ್ಸಿ ಯಾತ್ರಿಕರು ತಮ್ಮ ಹೆಸರುಗಳನ್ನು ಬರೆದು ಹೋಗಿದ್ದಾರೆ.

ಹೊಟ್ಟೆಪಾಡಿಗಾಗಿ ಈ ನಗರಕ್ಕೆ ಬಂದ ನಮ್ಮಂಥವರು ‘ಹೊರಗಿನವರು’ ಎಂಬ ಮಾತನ್ನು ಆಗಾಗ ಕೇಳಿದ್ದೇವೆ. ಈ ನೆಲದಲ್ಲಿ ಹೊರಗಿನವರು ಬಂದು ಊರವರೊಡನೆ ಸೇರಿ ಒಂದು ಸಂಸ್ಥೆಯನ್ನು ಕಾಪಾಡಿದ್ದು ಸಾವಿರದ ನೂರು ವರ್ಷಗಳ ಹಿಂದಿನ ಸಂಗತಿ. ನೃಪತುಂಗನ ಹೆಸರು ಇಲ್ಲಿರುವುದರಿಂದ ನಮಗೆ ಬರುವ ಹೆಮ್ಮೆ ಆ ಕೂಡುಬಾಳಿನಲ್ಲಿ ನಮ್ಮ ನಾಡಿನ ಅರಸನೂ ಒಬ್ಬ ಪಾಲುದಾರನಾಗಿದ್ದ ಎಂಬ ಹೆಮ್ಮೆ. ಅಷ್ಟು ಸಾಕು.

ನೆತ್ತಿಯಿಂದ ಕಾಣುವುದು

ದರ್ಬಾರ್ ಗುಹೆಯಿಂದ ಮೇಲಕ್ಕೆ ಇನ್ನೂ ಸ್ವಲ್ಪ ಕಡಿದಾದ ಏರಿಕೆ. ಗುಹೆಗಳ ಹೊರಗೆ ಬಂಡೆಯಲ್ಲೇ ಕಡೆದ ಆಸನಗಳಿವೆ. ಕುಳಿತು ಸುಧಾರಿಸಿಕೊಂಡು ಹತ್ತಿದರೆ ಮರಗಳು ಕೆಳಗುಳಿದು ಬೋಳು ಬಂಡೆಯ ನೆತ್ತಿ ಸಿಗುತ್ತದೆ. ಆಕಾಶ ಶುಭ್ರವಾಗಿದ್ದರೆ ಪಶ್ಚಿಮಕ್ಕೆ ಬೊರಿವಲಿಯ ಗಗನಚುಂಬಿ ಕಟ್ಟಡಗಳು, ಅವುಗಳಾಚೆ ಖಾಡಿ, ಅರಬ್ಬೀ ಸಮುದ್ರ. ಗೋರಾಯಿಯಲ್ಲಿ 2009ರಲ್ಲಿ ಉದ್ಘಾಟನೆಯಾದ ವಿಪಶ್ಯನಾ ಪಗೋಡದ ಹೊಂಬಣ್ಣದ ಶಿಖರವನ್ನೂ ಗುರುತಿಸಬಹುದು. ಉತ್ತರಕ್ಕೆ ವಸಾಯಿಯ ಖಾಡಿ. ಆಗ್ನೇಯಕ್ಕೆ ಕಾಡಿನ ಮಡಿಲಲ್ಲಿ ತುಳಸಿ ಸರೋವರ, ಅದರಾಚೆ ದಕ್ಷಿಣಕ್ಕೆ ವಿಹಾರ್ ಸರೋವರ ಇವೆ.

ಈ ಎರಡು ಸರೋವರಗಳ ಕಥೆಯನ್ನು ಇಲ್ಲಿಯೇ ಹೇಳಬೇಕು. ಹತ್ತೊಂಬತ್ತನೆಯ ಶತಮಾನದ ಮಧ್ಯದವರೆಗೂ ಮುಂಬಯಿ ದ್ವೀಪದವರಿಗೆ ಬಾವಿ, ಕೆರೆಗಳ ನೀರೇ ಗತಿಯಾಗಿತ್ತು. ಜನಸಂಖ್ಯೆ ಏರಿದಂತೆ ಬೇಸಗೆಯಲ್ಲಿ ಹಾಹಾಕಾರವೇಳುತ್ತಿತ್ತು. ಆಗ ಹೆನ್ರಿ ಕಾನಿಬೇರ್ ಎಂಬ ಎಂಜಿನಿಯರರ ಯೋಜನೆಯಂತೆ ಮಿಠಿ ನದಿಗೆ ಇದೇ ಗುಡ್ಡಗಳ ನಡುವೆ ಒಡ್ಡು ಕಟ್ಟಿದರು. 1860ರಲ್ಲಿ ವಿಹಾರ್ ಸರೋವರದ ನೀರು ಕೊಳವೆಗಳ ಮೂಲಕ ನಗರವನ್ನು ಮುಟ್ಟಿತು. 1879ರಲ್ಲಿ ತುಳಸಿ ಸರೋವರ ಸಿದ್ಧವಾಯಿತು. ಅನಂತರ ತಾನ್ಸಾ ಮೊದಲಾದ ದೂರದ ಜಲಾಶಯಗಳು ಬಂದವು; ಇಂದು ನಗರದ ನೀರಿನಲ್ಲಿ ವಿಹಾರ್, ತುಳಸಿಗಳ ಪಾಲು ಚಿಕ್ಕದು. ಆದರೂ ಮುಂಬಯಿ ಮಹಾನಗರವಾಗಿ ಬೆಳೆಯುವುದಕ್ಕೆ ಮೊದಲ ಗುಟುಕು ನೀರು ಕೊಟ್ಟದ್ದು ಕಾನ್ಹೇರಿಯ ಈ ಕಾಡು. ನಾಲ್ಕು ತಿಂಗಳ ಮಳೆಯನ್ನು ಹಿಡಿದಿಟ್ಟು ಹನ್ನೆರಡು ತಿಂಗಳು ಕುಡಿಯುವ ಭಿಕ್ಷುಗಳ ಉಪಾಯವನ್ನೇ ಎಂಜಿನಿಯರರು ದೊಡ್ಡ ಪ್ರಮಾಣದಲ್ಲಿ ಮಾಡಿದರು ಎನ್ನಬಹುದು.

ಈ ಸರೋವರಗಳ ನೀರಿಗಾಗಿ ಸುತ್ತಲಿನ ಕಾಡನ್ನು ಕಾಯಬೇಕಾಯಿತು. ಉದ್ಯಾನ ಇಷ್ಟಾದರೂ ಉಳಿದಿರುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಆದರೆ ನಗರ ನಾಲ್ಕು ಕಡೆಯಿಂದಲೂ ಒತ್ತುತ್ತಿದೆ. ಅತಿಕ್ರಮಣದ ವಿರುದ್ಧ 1995ರಲ್ಲಿ ಸಲ್ಲಿಸಿದ ಅರ್ಜಿಯ ಮೇಲೆ ಮುಂಬಯಿ ಹೈಕೋರ್ಟು 1997ರಲ್ಲಿ ತೆರವಿಗೆ ಆದೇಶ ನೀಡಿತು. ಮನೆ ಕಳೆದುಕೊಂಡ ಬಡವರ ಪುನರ್ವಸತಿಯ ಪ್ರಶ್ನೆಯೂ ಅದರೊಡನೆ ಎದ್ದಿತು. ತಲೆಮಾರುಗಳಿಂದ ಇಲ್ಲಿಯ ಪಾಡಾಗಳಲ್ಲಿರುವ ವಾರ್ಲಿ ಮೊದಲಾದ ಆದಿವಾಸಿಗಳದು ಬೇರೆಯೇ ಕಥೆ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರು ಮಳೆ ಸುರಿದಾಗ ಮಿಠಿ ಉಕ್ಕಿದ್ದನ್ನು ನಾವು ಯಾರೂ ಮರೆತಿಲ್ಲ. ಮಳೆಯನ್ನು ತಡೆದು ನಿಧಾನವಾಗಿ ಇಳಿಸುವ ಕಾಡು, ಕಾಂಡ್ಲಾಗಿಡಗಳ ಖಾಡಿ ಇವೆರಡೂ ಕಿರಿದಾದ ನಗರಕ್ಕೆ ಅಂದು ಬಂದ ಬಿಲ್ಲು ಅದು. ಈ ಬೆಟ್ಟಗಳ ಅಡಿಯಲ್ಲಿ ಬೊರಿವಲಿ-ಥಾಣೆ ಜೋಡಿ ಸುರಂಗಮಾರ್ಗಕ್ಕೆ 2024ರಲ್ಲಿ ಅಡಿಗಲ್ಲು ಬಿದ್ದಿದೆ. ದಾರಿ ಬೇಡವೆನ್ನಲು ಯಾರಿಗೂ ಬಾಯಿಲ್ಲ. ದಾರಿಯ ದಾನವೂ ಪುಣ್ಯವೆಂದು ಕಮ್ಮಾರ ನಂದನ ಶಾಸನವೇ ಹೇಳುತ್ತದೆ. ಆದರೆ ಕಟ್ಟುವ ಲೆಕ್ಕದ ಪಕ್ಕದಲ್ಲಿ ಕಾಪಾಡುವ ಲೆಕ್ಕವನ್ನೂ ಬರೆಯುವುದು ಆ ಕಾಲದ ಪದ್ಧತಿಯಾಗಿತ್ತು.

ಕಾನ್ಹೇರಿ ಬರಿದಾದದ್ದು ಯಾವುದೋ ಒಂದು ದಿನದ ದಾಳಿಯಿಂದ ಎಂದು ಹೇಳುವ ಶಾಸನವಿಲ್ಲ. ಬಂದರುಗಳ ಭಾಗ್ಯ ಬದಲಾಯಿತು, ಬೌದ್ಧಧರ್ಮಕ್ಕೆ ಆಶ್ರಯ ಕುಗ್ಗಿತು, ದಾನಿಗಳ ಸಾಲು ನಿಂತಿತು. ಅಕ್ಷಯವೆಂದು ಹೆಸರಿಟ್ಟ ನಿಧಿಗಳು ಕೇಳುವವರಿಲ್ಲದೆ ಕರಗಿದವು. ಮೂಲಧನವನ್ನು ಮುಟ್ಟದೆ ಇದ್ದಷ್ಟು ಕಾಲ ವಿಹಾರ ಬಾಳಿತು ಎಂಬುದು ಈ ಶಾಸನಗಳನ್ನು ಓದಿದಾಗ ನನ್ನ ಮನಸ್ಸಿಗೆ ಹೊಳೆಯುವ ಮಾತು. ಈಗ ಈ 104 ಚದರ ಕಿಲೋಮೀಟರಿನ ಕಾಡು ಮುಂಬಯಿಯ ಮೂಲಧನ. ಅದರ ಬಡ್ಡಿಯಾಗಿ ನೀರು, ನೆರಳು, ತಂಗಾಳಿ ನಮಗೆ ಸಿಗುತ್ತಿವೆ.

ನವೆಂಬರಿನಿಂದ ಫೆಬ್ರವರಿಯವರೆಗೆ ಹತ್ತಲು ಹಿತವಾದ ಕಾಲ. ಮಳೆಗಾಲದ ತೊರೆಗಳ ಸೊಬಗು ಬೇರೆ, ಆದರೆ ಆಗ ಬಂಡೆ ಜಾರುತ್ತದೆ. ಸೋಮವಾರ ಉದ್ಯಾನಕ್ಕೆ ರಜೆ. ಬೆಳಗ್ಗೆ ಬೇಗ ಹೊರಟರೆ ಬಿಸಿಲೇರುವ ಮೊದಲೇ ನೆತ್ತಿ ಸೇರಬಹುದು. ಸಂಜೆಯಾಗುವ ಮೊದಲು ಇಳಿದುಬಿಡಬೇಕು, ಕತ್ತಲೆಯ ಹೊತ್ತು ಚಿರತೆಗಳದು. ಸಂಘದ ಮಕ್ಕಳನ್ನು ವರ್ಷಕ್ಕೊಮ್ಮೆಯಾದರೂ ಇಲ್ಲಿಗೆ ಕರೆದೊಯ್ಯುವುದು ಒಳ್ಳೆಯದು. ದರ್ಬಾರ್ ಗುಹೆಯ ಶಾಸನದ ಮುಂದೆ ನಿಲ್ಲಿಸಿ ನೃಪತುಂಗನ ಹೆಸರು ಹೇಳೋಣ. ಅದರೊಡನೆ ಕಮ್ಮಾರ ನಂದ, ಅಕ್ಕಸಾಲಿಗ ಸ್ವಾಮಿದತ್ತ, ಬಂಗಾಳದ ಅವಿಘ್ನಾಕರ, ಇವರ ಹೆಸರುಗಳನ್ನೂ ಹೇಳೋಣ. ಚಕ್ರವರ್ತಿಯ ಸಾಮ್ರಾಜ್ಯ ಅವನು ತೀರಿಕೊಂಡ ನೂರು ವರ್ಷಗಳೊಳಗೆ ಇಲ್ಲವಾಯಿತು. ಈ ಸಾಮಾನ್ಯರು ಕೊರೆಯಿಸಿದಂಥ ತೊಟ್ಟಿಗಳಲ್ಲಿ ಇಂದಿಗೂ ನೀರು ನಿಲ್ಲುತ್ತಿದೆ.